ಪಾಂಪೆಗೆ ಕೊಟ್ಟ ವಿನಾಯಿತಿಗಳು

ರೋಮಿನ ಗಣರಾಜ್ಯವನ್ನು ಮುಳುಗಿಸಿದವರು ಯಾರು ಎಂದರೆ ಎಲ್ಲರೂ ಬೊಟ್ಟು ಮಾಡುವುದು ಜೂಲಿಯಸ್ ಸೀಸರನ ಕಡೆಗೆ. ಕ್ರಿ.ಪೂ. 49ರಲ್ಲಿ ಅವನು ಸೈನ್ಯ ಸಮೇತ ರೂಬಿಕನ್ ಹೊಳೆ ದಾಟಿದ್ದು ನಿಜ, ಅದು ಕಾನೂನಿಗೆ ವಿರುದ್ಧವಾಗಿದ್ದದ್ದೂ ನಿಜ. ಆದರೆ ಕಥೆಯನ್ನು ಅಲ್ಲಿಂದ ಶುರುಮಾಡಿದರೆ ಅದಕ್ಕೂ ಮೂವತ್ತು ವರ್ಷ ಮೊದಲಿನಿಂದ ನಡೆದುಬಂದದ್ದು ಕಾಣದೆ ಹೋಗುತ್ತದೆ. ಸೀಸರನ ಎದುರು ಗಣರಾಜ್ಯದ ರಕ್ಷಕನಾಗಿ ನಿಂತ ಪಾಂಪೆ ಯಾವ ದಾರಿಯಲ್ಲಿ ಮೇಲೆ ಬಂದ ಎಂಬುದನ್ನು ನೋಡಬೇಕು. ಕಾನೂನನ್ನು ಕಾಯಬೇಕಾದವರೇ ಅವನಿಗಾಗಿ ಅದನ್ನು ಮತ್ತೆ ಮತ್ತೆ ಬದಿಗಿಟ್ಟರು. ಗಣರಾಜ್ಯ ಸೋತದ್ದು ಅಲ್ಲಿ ಎಂಬುದು ನನ್ನ ವಾದ.

ಕ್ರಿ.ಪೂ. 83ರಲ್ಲಿ ಪಾಂಪೆಗೆ ಸುಮಾರು 23 ವರ್ಷ. ಯಾವ ಅಧಿಕಾರವೂ ಇರಲಿಲ್ಲ. ಇದ್ದದ್ದು ಪಿಕೇನಮ್ ಪ್ರಾಂತದಲ್ಲಿ ಅವನ ತಂದೆ ಕಟ್ಟಿಹೋಗಿದ್ದ ಪ್ರಭಾವ. ಅದರ ಬಲದಿಂದಲೇ ಅವನು ಮೂರು ಲೀಜನ್ ಸೇನೆ ಕೂಡಿಸಿಕೊಂಡು ಅಂತರ್ಯುದ್ಧದಲ್ಲಿ ಸೇನಾನಿ ಸುಲ್ಲಾನ ಪಕ್ಷ ಸೇರಿದ. ಖಾಸಗಿ ವ್ಯಕ್ತಿಯೊಬ್ಬ ಸೇನೆ ಕಟ್ಟುವುದು ಅಪರಾಧವಾಗಬೇಕಿತ್ತು. ಸುಲ್ಲಾ ಅವನನ್ನು ಸೇನಾನಿಗೆ ಸಲ್ಲುವ ಗೌರವದಿಂದ ಬರಮಾಡಿಕೊಂಡ. ಸುಲ್ಲಾನ ಪರವಾಗಿ ಸಿಸಿಲಿಗೆ ಹೋದಾಗ ಅಲ್ಲಿನ ಮೆಸಾನಾ ಊರಿನವರು ತಮ್ಮ ಹಳೆಯ ಹಕ್ಕುಗಳ ಮಾತೆತ್ತಿದಾಗ, ಕತ್ತಿ ಕಟ್ಟಿಕೊಂಡವರ ಮುಂದೆ ಕಾನೂನು ಓದಬೇಡಿ ಎಂಬರ್ಥದಲ್ಲಿ ಪಾಂಪೆ ಅವರ ಬಾಯಿ ಮುಚ್ಚಿಸಿದ ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಆಫ್ರಿಕಾದಲ್ಲಿ ಗೆದ್ದು ಬಂದವನು ವಿಜಯೋತ್ಸವದ ಮೆರವಣಿಗೆ ಬೇಕೆಂದ. ಸೆನೆಟ್ಟಿನ ಸದಸ್ಯನೂ ಅಲ್ಲದವನಿಗೆ ಆ ಗೌರವ ಸಲ್ಲುತ್ತಿರಲಿಲ್ಲ. ಸುಲ್ಲಾ ಮೊದಲು ಆಗದು ಎಂದು, ಆಮೇಲೆ ಮಣಿದ. ತನ್ನ ರಥಕ್ಕೆ ನಾಲ್ಕು ಆನೆ ಹೂಡಿಸಬೇಕೆಂಬ ಆಸೆ ಪಾಂಪೆಗಿತ್ತು; ನಗರದ ದ್ವಾರ ಆನೆಗಳಿಗೆ ಸಾಲದೆ ಕುದುರೆಗಳೇ ಗತಿಯಾದವು. ಕಾನ್ಸಲ್ ಆಗಲು 42 ವರ್ಷ ತುಂಬಿರಬೇಕು, ಕೆಳಗಿನ ಹುದ್ದೆಗಳನ್ನು ಹಂತಹಂತವಾಗಿ ದಾಟಿರಬೇಕು ಎಂದು ಕಟ್ಟುನಿಟ್ಟು ಮಾಡಿದವನೂ ಇದೇ ಸುಲ್ಲಾ. ಬೇಲಿ ಕಟ್ಟಿದವನೇ ತಡಮೆ ಬಿಟ್ಟುಕೊಟ್ಟಂತಾಯಿತು.

ಸುಲ್ಲಾ ಸತ್ತ ಮೇಲೆ ಸೆನೆಟ್ ಆ ತಡಮೆಯನ್ನು ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಕ್ರಿ.ಪೂ. 77ರಲ್ಲಿ, ಒಂದು ಹುದ್ದೆಯನ್ನೂ ನಿರ್ವಹಿಸದ ಪಾಂಪೆಯನ್ನು ಪ್ರೊಕಾನ್ಸಲ್ ಅಧಿಕಾರ ಕೊಟ್ಟು ಸ್ಪೇನಿನಲ್ಲಿ ಬಂಡೆದ್ದಿದ್ದ ಸೆರ್ಟೋರಿಯಸ್‌ನ ವಿರುದ್ಧ ಕಳಿಸಿತು. ಕ್ರಿ.ಪೂ. 70ರಲ್ಲಿ, ವಯಸ್ಸು ತುಂಬದೆ, ಮೆಟ್ಟಿಲು ಹತ್ತದೆ, ಅವನು ನೇರವಾಗಿ ಕಾನ್ಸಲ್ ಆದ. ಸೆನೆಟ್ಟಿನ ಕಲಾಪ ಹೇಗೆ ನಡೆಸಬೇಕೆಂಬುದೇ ಗೊತ್ತಿಲ್ಲದ ಕಾರಣ ವಿದ್ವಾಂಸ ವಾರೋನಿಂದ ಒಂದು ಕೈಪಿಡಿ ಬರೆಸಿಕೊಳ್ಳಬೇಕಾಯಿತು. ದೇಶದ ಅತ್ಯುನ್ನತ ಹುದ್ದೆಗೆ ಏರಿದವನಿಗೆ ಆ ಸಭೆಯ ರೀತಿ ರಿವಾಜಿನ ಪರಿಚಯವಿರಲಿಲ್ಲ. ಹಂತಹಂತದ ನಿಯಮ ಇದ್ದದ್ದೇ ಇಂಥ ಪರಿಚಯಕ್ಕಾಗಿ.

ಸಂಕಟ ನಿಜವಾಗಿತ್ತಲ್ಲ, ಸಮರ್ಥನನ್ನು ಬಿಟ್ಟು ನಿಯಮ ಹಿಡಿದು ಕೂರಬೇಕಿತ್ತೇ ಎಂದು ಕೇಳಬಹುದು. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಕಡಲ್ಗಳ್ಳರ ಹಾವಳಿಯಿಂದ ರೋಮಿಗೆ ಧಾನ್ಯ ಬರುವುದೇ ಕಷ್ಟವಾಗಿತ್ತು. ಕ್ರಿ.ಪೂ. 67ರ ಗಾಬಿನಿಯನ್ ಕಾನೂನು ಪಾಂಪೆಗೆ ಮೂರು ವರ್ಷದ ಅವಧಿಗೆ ಇಡೀ ಮೆಡಿಟರೇನಿಯನ್ನಿನ ಮೇಲೆ ಅಧಿಕಾರ ಕೊಟ್ಟಿತು. ಅವನು ಕೆಲವೇ ತಿಂಗಳಲ್ಲಿ ಕಡಲನ್ನು ಶುಚಿಮಾಡಿದ. ಹಸಿದ ಊರಿಗೆ ಅನ್ನ ತಲುಪಿಸಿದ ಕೆಲಸವನ್ನು ಯಾರೂ ಕೀಳುಗಳೆಯಲಾರರು. ಹಳೆಯ ವ್ಯವಸ್ಥೆ ಅಷ್ಟು ದೊಡ್ಡ ಸಾಮ್ರಾಜ್ಯಕ್ಕೆ ಸಾಲುತ್ತಿರಲಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಹಾಗಿದ್ದರೆ ಕಡಲ ರಕ್ಷಣೆಗೆ ಕಾಯಂ ಹುದ್ದೆಯೊಂದನ್ನು, ಅದಕ್ಕೊಂದು ಮಿತಿಯನ್ನು ಸೃಷ್ಟಿಸಬೇಕಿತ್ತು. ರೋಮ್ ಹುದ್ದೆಯನ್ನು ಹುಡುಕಲಿಲ್ಲ, ಆಳನ್ನು ಹುಡುಕಿತು. ಮರುವರ್ಷವೇ ಪೂರ್ವದ ಪಾಂಟಸ್ ರಾಜ ಮಿಥ್ರಿಡೇಟಿಸ್‌ನ ವಿರುದ್ಧದ ಯುದ್ಧವೂ ಅವನ ಪಾಲಾಯಿತು. ಪೂರ್ವಜರ ಪದ್ಧತಿಗೆ ವಿರುದ್ಧವಾಗಿ ಹೊಸದೇನೂ ಬೇಡ ಎಂದು ಹಿರಿಯ ಸೆನೆಟರ್ ಕಾಟುಲಸ್ ತಡೆದಾಗ, ವಾಗ್ಮಿ ಸಿಸಿರೋ ಪಾಂಪೆಗೆ ಈವರೆಗೆ ಸಿಕ್ಕ ವಿನಾಯಿತಿಗಳನ್ನು ಒಂದೊಂದಾಗಿ ಎಣಿಸಿ, ಅವೆಲ್ಲ ನಿಮ್ಮಂಥವರ ಒಪ್ಪಿಗೆಯಿಂದಲೇ ಆದವಲ್ಲವೇ ಎಂದು ವಾದಿಸಿದ. ಕಾಟುಲಸ್‌ನಲ್ಲಿ ಅದಕ್ಕೆ ಉತ್ತರವಿರಲು ಸಾಧ್ಯವಿರಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. ಕ್ರಿ.ಪೂ. 62ರಲ್ಲಿ ಪೂರ್ವದೇಶಗಳನ್ನು ಗೆದ್ದು ಇಟಲಿಗೆ ಬಂದಿಳಿದ ಪಾಂಪೆ, ಎಲ್ಲರ ಭಯಕ್ಕೆ ವಿರುದ್ಧವಾಗಿ, ಸೈನ್ಯವನ್ನು ವಿಸರ್ಜಿಸಿಬಿಟ್ಟ. ಸರ್ವಾಧಿಕಾರಿಯಾಗುವ ಮನಸ್ಸಿದ್ದವನು ಹಾಗೆ ಮಾಡುತ್ತಿದ್ದನೇ? ಇಲ್ಲ, ಆ ಕ್ಷಣದ ಪಾಂಪೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅಂದು ರೋಮನ್ನು ಕಾಪಾಡಿದ್ದು ಕಾನೂನಲ್ಲ, ಒಬ್ಬ ಮನುಷ್ಯನ ಸ್ವಭಾವ. ಕತ್ತಿ ಹಿಡಿದಾಗ ಕೇಳಿದ್ದನ್ನೆಲ್ಲ ಕೊಟ್ಟ ಸೆನೆಟ್, ಕತ್ತಿ ಕೆಳಗಿಟ್ಟವನ ಸೈನಿಕರಿಗೆ ಜಮೀನು ಕೊಡಲು ಸತಾಯಿಸಿತು, ಪೂರ್ವದಲ್ಲಿ ಅವನು ಮಾಡಿದ ಏರ್ಪಾಡುಗಳಿಗೆ ಒಪ್ಪಿಗೆಯನ್ನೂ ಕೊಡಲಿಲ್ಲ. ಪಾಂಪೆ ಸೀಸರ್ ಮತ್ತು ಕ್ರಾಸಸ್ ಜೊತೆ ಕೈಜೋಡಿಸಿದ್ದು ಆಮೇಲೆ. ನಿಯಮ ಪಾಲಿಸಿದರೆ ಅವಮಾನ, ಮುರಿದರೆ ಬಹುಮಾನ ಎಂಬ ಪಾಠವನ್ನು ಸೀಸರ್ ಹತ್ತಿರದಿಂದ ನೋಡಿ ಕಲಿತ.

ಕ್ರಿ.ಪೂ. 52ರಲ್ಲಿ ಸೆನೆಟರ್ ಬಿಬ್ಯುಲಸ್ ಸೂಚಿಸಿ, ಕಟ್ಟಾ ಸಂಪ್ರದಾಯವಾದಿ ಕೇಟೋ ಅನುಮೋದಿಸಿ, ಇಬ್ಬರಿರಬೇಕಾದ ಹುದ್ದೆಯಲ್ಲಿ ಪಾಂಪೆಯನ್ನು ಜೊತೆಗಾರನಿಲ್ಲದ ಏಕೈಕ ಕಾನ್ಸಲ್ ಮಾಡಿದರು. ಅದೇ ಹೊತ್ತಿಗೆ ಸ್ಪೇನಿನ ಪ್ರಾಂತಗಳೂ ಸೇನೆಯೂ ಅವನ ಕೈಯಲ್ಲೇ ಇದ್ದವು. ಗಾಲ್‌ನಲ್ಲಿದ್ದ ಸೀಸರ್ ಬಯಸಿದ್ದು ರೋಮಿಗೆ ಬಾರದೆ ಕಾನ್ಸಲ್ ಹುದ್ದೆಗೆ ಸ್ಪರ್ಧಿಸುವ ಅವಕಾಶ, ಅಂದರೆ ಪಾಂಪೆಗೆ ಸಿಕ್ಕಿದ್ದಕ್ಕಿಂತ ಕಡಿಮೆಯದು. ಕ್ರಿ.ಪೂ. 50ರ ಕೊನೆಯಲ್ಲಿ ಇಬ್ಬರೂ ಸೇನಾಧಿಕಾರ ಬಿಡಲಿ ಎಂಬ ನಿರ್ಣಯದ ಪರವಾಗಿ ಸೆನೆಟ್ಟಿನ 370 ಮಂದಿ ನಿಂತರು, ವಿರೋಧಿಸಿದವರು 22. ಕಾನ್ಸಲ್ ಮಾರ್ಸೆಲಸ್ ಸಭೆಯನ್ನೇ ಬರಖಾಸ್ತು ಮಾಡಿ, ಸೆನೆಟ್ಟಿನ ಅಪ್ಪಣೆಯಿಲ್ಲದೆ ಪಾಂಪೆಯ ಬಳಿ ಹೋಗಿ, ಕೈಗೆ ಕತ್ತಿ ಕೊಟ್ಟು, ಇಟಲಿಯಲ್ಲಿದ್ದ ಸೇನೆಯ ನಾಯಕತ್ವ ವಹಿಸಿಕೊಳ್ಳುವಂತೆ ಹೇಳಿದ. ಪಾಂಪೆ ಒಪ್ಪಿಕೊಂಡ.