ಮನೆಯೊಳಗಿನ ಸೈಕಲ್ಲು ತೋರಿಸುವ ಕಿಲೋಮೀಟರನ್ನು ನಂಬಬೇಕೇ?

ಕಳೆದ ತಿಂಗಳು ನಮ್ಮ ದವಾಖಾನೆಗೆ ಐವತ್ತರ ಆಸುಪಾಸಿನ ಆಪಾ ಒಬ್ಬರು ಬಂದರು. ಸಕ್ಕರೆ ಕಾಯಿಲೆ ಶುರುವಾಗಿ ಆರು ವರ್ಷ. "ಡಾಕ್ಟರ್ ಸಾಬ್, ದಿನಾ ಮನೆಯಲ್ಲೇ ಹದಿನೈದು ಕಿಲೋಮೀಟರ್ ಸೈಕಲ್ ತುಳಿಯುತ್ತೇನೆ. ಆದರೂ ಸಕ್ಕರೆ ಇಳಿಯಲಿಲ್ಲ, ಏರಿದೆ" ಎಂದರು. ಎಷ್ಟು ಹೊತ್ತು ತುಳಿಯುತ್ತೀರಿ ಎಂದು ಕೇಳಿದೆ. ಇಪ್ಪತ್ತೈದು ನಿಮಿಷವಂತೆ. ಅಂದರೆ ಗಂಟೆಗೆ 36 ಕಿಲೋಮೀಟರ್ ವೇಗ. ನಮ್ಮ ಭಾಲ್ಕಿಯಿಂದ ಬೀದರ್‌ಗೆ ಸುಮಾರು 40 ಕಿಲೋಮೀಟರ್. ಆ ಲೆಕ್ಕದಲ್ಲಿ ಆಪಾ ಬಸ್ಸಿನ ಜೊತೆಜೊತೆಗೇ ಬೀದರ್ ಮುಟ್ಟಬೇಕು! ಅವರೂ ನಕ್ಕರು. ಆದರೆ ಮುಂದಿನ ಮಾತು ನಗುವಂಥದ್ದಾಗಿರಲಿಲ್ಲ. ಮೀಟರಿನಲ್ಲಿ ಹದಿನೈದು ದಾಟಿದ ದಿನ "ಇವತ್ತು ಸಾಕಷ್ಟು ಕರಗಿತು" ಎಂದು ರಾತ್ರಿಯ ಮಾತ್ರೆ ಬಿಡುತ್ತಿದ್ದರು.

ಈ ಸೈಕಲ್ಲುಗಳು ಈಗ ನಮ್ಮ ಎಷ್ಟೋ ಮನೆಗಳಲ್ಲಿವೆ. ಹೆಣ್ಣುಮಕ್ಕಳಿಗೆ ನಿಶ್ಚಿಂತೆಯಿಂದ ನಡೆಯಲು ಹೊರಗೆ ಜಾಗ ಕಡಿಮೆ, ಬೇಸಿಗೆ ಬಂತೆಂದರೆ ನಮ್ಮ ಕಡೆಯ ಬಿಸಿಲು ಗಂಡಸರನ್ನೂ ಒಳಗೆ ಕೂರಿಸುತ್ತದೆ. ಆದ್ದರಿಂದ ಮನೆಯ ಸೈಕಲ್ ಒಳ್ಳೆಯದೇ, ಅದರ ಹ್ಯಾಂಡಲ್ಲಿಗೆ ಬುರ್ಖಾ, ಟವೆಲ್ ನೇತುಹಾಕದೆ ತುಳಿದರೆ! ನನ್ನ ತಕರಾರು ಅದರ ಮೀಟರಿನ ಮೇಲೆ ಮಾತ್ರ.

ಆ ಮೀಟರಿಗೆ ನಿಮ್ಮ ಶ್ರಮ ಕಾಣುವುದಿಲ್ಲ. ಸಾಮಾನ್ಯ ಬೆಲೆಯ ಯಂತ್ರದ ಒಳಗೆ, ತಿರುಗುವ ಚಕ್ರದಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ. ಅದು ಪ್ರತಿ ಸುತ್ತಿಗೆ ಒಮ್ಮೆ ಸೆನ್ಸರಿನ ಮುಂದೆ ಹಾಯುತ್ತದೆ. ಮೀಟರು ಆ ಸುತ್ತುಗಳನ್ನು ಎಣಿಸಿ, ತಯಾರಕರು ಮೊದಲೇ ತುಂಬಿಟ್ಟ ಒಂದು ಸಂಖ್ಯೆಯಿಂದ ಗುಣಿಸಿ ಕಿಲೋಮೀಟರ್ ಎಂದು ತೋರಿಸುತ್ತದೆ. ಆ ಸಂಖ್ಯೆ ಒಂದೊಂದು ಯಂತ್ರಕ್ಕೆ ಒಂದೊಂದು ಥರ. ಬಿಗಿ ಮಾಡುವ ತಿರುಪು ಸಡಿಲವಿದ್ದರೆ ಕಾಲು ಸರಸರ ತಿರುಗಿ ಕಿಲೋಮೀಟರ್ ಏರುತ್ತದೆ. ಬಿಗಿ ಮಾಡಿದರೆ ಮೈ ಬೆವರುತ್ತದೆ, ಮೀಟರಿನ ವೇಗ ಮಾತ್ರ ಇಳಿಯುತ್ತದೆ. ಅದೇ ಮೀಟರು ಹೇಳುವ ಕ್ಯಾಲೊರಿಯ ಗತಿಯೂ ಇದೇ. ಅದನ್ನು ನೋಡಿ ಇನ್ನೊಂದು ಪ್ಲೇಟ್ ಬಿರಿಯಾನಿ ಹಾಕಿಸಿಕೊಳ್ಳಬೇಡಿ.

ನಿಮ್ಮ ಮೀಟರು ಎಷ್ಟು ಸಾಚಾ ಎಂದು ನೀವೇ ಪರೀಕ್ಷಿಸಬಹುದು. ಸೊನ್ನೆಗೆ ತಂದು, ಒಂದೇ ಪಾದ ಕೆಳಗೆ ಬರುವುದನ್ನು ಎಣಿಸುತ್ತಾ 200 ಸುತ್ತು ತುಳಿಯಿರಿ. ತೋರಿಸಿದ ದೂರವನ್ನು 200ರಿಂದ ಭಾಗಿಸಿ. ಹೋಲಿಕೆಗೆ ನಮ್ಮ ಹಳೆಯ ಕರಿ ಸೈಕಲ್ಲನ್ನೇ ತೆಗೆದುಕೊಳ್ಳಿ. ಅದರ 28 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದಿನದರಲ್ಲಿ 18 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಹತ್ತೊಂಬತ್ತು ಕಿಲೋಮೀಟರ್ ಚಿಲ್ಲರೆ, ಅಷ್ಟೇ. ನಿಮ್ಮ ಮೀಟರು ಸುತ್ತಿಗೆ ಎಂಟು, ಹತ್ತು ಮೀಟರ್ ಕೊಡುತ್ತಿದ್ದರೆ ಅದು ಉದಾರಿ. ಈಗ ತಿರುಪು ಬಿಗಿ ಮಾಡಿ ಮತ್ತೆ 200 ಸುತ್ತು ತುಳಿದು ನೋಡಿ. ಅಷ್ಟೇ ದೂರ ಬಂದರೆ ನಾನು ಹೇಳಿದ್ದು ನಿಮಗೆ ಕಣ್ಣಾರೆ ಕಂಡಂತೆ. ಲೆಕ್ಕ ಕೂಡುತ್ತದೆಯೇ ಎಂಬುದನ್ನೂ ನೋಡಿ. ಒಂದೇ ಸಮ 20ರ ವೇಗದಲ್ಲಿ ಆರು ನಿಮಿಷ ತುಳಿದರೆ 2 ಕಿಲೋಮೀಟರ್ ಬರಬೇಕು. ಅಂಕಿ ಜಿಗಿದಾಡಿದರೆ ಬ್ಯಾಟರಿ ಬದಲಿಸಿ, ತಂತಿ ಸಡಿಲವಾಗಿದೆಯೇ ನೋಡಿ. ಕೆಲವು ಮೀಟರುಗಳು ಮೈಲಿಯಲ್ಲಿ ಲೆಕ್ಕ ಕೊಡುತ್ತವೆ, ಅದನ್ನೂ ಗಮನಿಸಿ.

ರಸ್ತೆಯ ಸೈಕಲ್ಲನ್ನೇ ಸ್ಟ್ಯಾಂಡಿಗೆ ಹಾಕಿ ತುಳಿಯುವ ಹುಡುಗರಿಗೆ ಒಂದು ಮಾತು: ಅಲ್ಲಿ ಮುಂದಿನ ಚಕ್ರ ತಿರುಗದು, ಸೆನ್ಸರನ್ನು ಹಿಂದಿನ ಚಕ್ರಕ್ಕೆ ಕಟ್ಟಿ. ಟೈರಿಗೆ ಸರಿಯಾಗಿ ಗಾಳಿ ತುಂಬಿ, ಸುಣ್ಣದಕಡ್ಡಿಯಿಂದ ಗುರುತು ಮಾಡಿ, ಸೈಕಲ್ ಮೇಲೆ ಕುಳಿತು ನೆಲದ ಮೇಲೆ ಒಂದು ಸುತ್ತು ಉರುಳಿಸಿ ಟೇಪಿನಿಂದ ಅಳೆಯಿರಿ. ಆ ಅಳತೆಯನ್ನು ಮೀಟರಿಗೆ ತುಂಬಿದರೆ ಚಕ್ರ ಉರುಳಿದ ದೂರ ಬಹುಮಟ್ಟಿಗೆ ಸರಿಯಾಗಿ ಸಿಗುತ್ತದೆ. ಆದರೂ ಮನೆಯ 20 ಕಿಲೋಮೀಟರ್ ರಸ್ತೆಯ 20ಕ್ಕೆ ಸಮವಲ್ಲ. ಒಳಗೆ ಎದುರುಗಾಳಿಯೂ ಇಲ್ಲ, ಏರೂ ಇಲ್ಲ.

ಹಾಗಾದರೆ ವೈದ್ಯನಾಗಿ ನಾನು ಯಾವ ಅಳತೆ ಕೇಳುತ್ತೇನೆ? ಮೊದಲು ಉಸಿರು. ರಿಯಾಜತ್ ಎಂದರೆ ಏನೆಂದು ಇಬ್ನ್ ಸೀನಾ ತಮ್ಮ 'ಅಲ್-ಖಾನೂನ್'ನಲ್ಲಿ ವಿವರಿಸುವಾಗ ದೂರದ ಮಾತೇ ಎತ್ತುವುದಿಲ್ಲ. ನಾವಾಗಿ ಮಾಡುವ ಚಲನೆಯಿಂದ ಉಸಿರು ಆಳವಾಗಿ, ಒಂದರ ಹಿಂದೆ ಒಂದು ಬರುವಂತಾದರೆ ಅದು ವ್ಯಾಯಾಮ. ಸಾವಿರ ವರ್ಷ ಹಳೆಯ ಈ ಮಾತನ್ನು ಇಂದಿನ ವೈದ್ಯರೂ ಬೇರೆ ರೀತಿಯಲ್ಲಿ ಹೇಳುತ್ತಾರೆ: ತುಳಿಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆರಾಮವಾಗಿ ನಾತ್ ಹಾಡುತ್ತಾ ತುಳಿಯುತ್ತಿದ್ದೀರಾ? ತಿರುಪು ಸ್ವಲ್ಪ ಬಿಗಿ ಮಾಡಿ.

ಎರಡನೆಯದು ನಾಡಿ, ನಮ್ಮ ಹಕೀಮರ ಹಳೆಯ ನಬ್ಜ್. ಇಳಿದ ಕೂಡಲೇ ಮಣಿಕಟ್ಟು ಹಿಡಿದು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಐವತ್ತು ವಯಸ್ಸಿನವರಿಗೆ ನಿಮಿಷಕ್ಕೆ 110ರಿಂದ 130ರ ಒಳಗಿದ್ದರೆ ಮಧ್ಯಮ ಶ್ರಮ. ಬಿಪಿ, ಹೃದಯಕ್ಕೆಂದು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿ ಅಷ್ಟು ಏರುವುದಿಲ್ಲ, ಅವರು ಉಸಿರನ್ನೇ ನಂಬಲಿ. ಮೂರನೆಯದು ಗೋಡೆಯ ಗಡಿಯಾರ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ. ನಿಮಿಷ ಎಂದಿದೆ, ಕಿಲೋಮೀಟರ್ ಎಂದಿಲ್ಲ.

ಮೀಟರು ದಂಡವೆಂದು ನಾನು ಹೇಳುತ್ತಿಲ್ಲ. ಅದೇ ಯಂತ್ರ, ಅದೇ ಬಿಗಿ, ಅದೇ ಸಮಯ ಇಟ್ಟು ನಿನ್ನೆಗಿಂತ ಇಂದು ಹೆಚ್ಚೋ ಕಡಿಮೆಯೋ ಎಂದು ನೋಡಲು ಅದು ಸಾಕು. ಪಕ್ಕದ ಮನೆಯ ಭಾಭಿಯ ಯಂತ್ರದ ಜೊತೆ ಪೈಪೋಟಿಗೆ ಇಳಿಯಬೇಡಿ.

ಮಾತ್ರೆಯ ವಿಷಯದಲ್ಲಂತೂ ಮೀಟರಿಗೆ ಯಾವ ಅಧಿಕಾರವೂ ಇಲ್ಲ. ಔಷಧಿ ಹೆಚ್ಚು ಕಡಿಮೆ ಮಾಡುವುದು ರಕ್ತ ಪರೀಕ್ಷೆ ನೋಡಿ, ಅದನ್ನು ಬರೆದುಕೊಟ್ಟ ವೈದ್ಯರು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ, ರೋಜಾ ಇರುವಾಗ ಇಫ್ತಾರಿಗೆ ಮುಂಚೆ ಜೋರಾಗಿ ತುಳಿಯಬೇಡಿ. ಕೈ ನಡುಗಿ, ತಣ್ಣನೆ ಬೆವರು ಬಂದರೆ ಸಕ್ಕರೆ ತೀರಾ ಇಳಿದಿರಬಹುದು. ಕೂಡಲೇ ನಿಲ್ಲಿಸಿ ಏನಾದರೂ ಸಿಹಿ ತೆಗೆದುಕೊಳ್ಳಿ. ಎದೆ ಹಿಡಿದಂತಾದರೆ ಇಳಿದು ನೇರ ಆಸ್ಪತ್ರೆಗೆ ನಡೆಯಿರಿ.

ಆಪಾಗೆ ಒಂದು ನೋಟುಬುಕ್ ಇಡಲು ಹೇಳಿದೆ: ತಾರೀಖು, ನಿಮಿಷ, ನಾಡಿ, ತೆಗೆದುಕೊಂಡ ಮಾತ್ರೆ. ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೊಂಡು ಆ ಬುಕ್ಕಿನ ಜೊತೆ ಬರಲಿದ್ದಾರೆ.