ಬೆಂಜೀನಿನ ಉಂಗುರವೂ ಕಾಫಿಯ ಕಾಂಡವೂ

ಶನಿವಾರಸಂತೆಯ ಆಸುಪಾಸಿನ ಅರೇಬಿಕಾ ತೋಟದಲ್ಲಿ ಎಲೆ ಹಳದಿಯಾಗಿ ಜೋತು, ಕಾಂಡದ ಮೇಲೆ ಉಬ್ಬುಗೆರೆ ಮೂಡಿದ ಗಿಡವನ್ನು ಕಂಡ ಬೆಳೆಗಾರನಿಗೆ, ಬಿಳಿ ಕಾಂಡಕೊರಕವು ಒಳಗೆ ಸುರಂಗ ತೋಡಿದೆಯೆಂದು ಯಾರೂ ಹೇಳಬೇಕಾಗಿಲ್ಲ. ಈ ಕೀಟದ ನಿಗ್ರಹಕ್ಕೆಂದು ನಮ್ಮ ಕಾಫಿ ಸೀಮೆಯಲ್ಲಿ ಬಹುಕಾಲ ಬಳಸಿದ ಲಿಂಡೇನಿನ ಜನ್ಮವೃತ್ತಾಂತವನ್ನು ತೋಟದ ಜನ ತಿಳಿದಿರುವುದು ಅವಶ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಲಿಂಡೇನಿನ ಮೂಲವು ಬೆಂಜೀನು. 1825ರಲ್ಲಿ ಮೈಕೆಲ್ ಫ್ಯಾರಡೆಯು ದೀಪಾನಿಲದ ಶೇಷತೈಲದಿಂದ ಬೇರ್ಪಡಿಸಿದ ಬೆಂಜೀನಿನ ಅಣುವಿನಲ್ಲಿ ಆರು ಇಂಗಾಲದ, ಆರು ಜಲಜನಕದ ಪರಮಾಣುಗಳಿವೆ. ಇಂಗಾಲಗಳು ಉಂಗುರವಾಗಿ ಕೂಡಿವೆಯೆಂದು 1865ರಲ್ಲಿ ಕೆಕುಲೆಯು ಪ್ರತಿಪಾದಿಸಿದನು. ಆರು ಇಲೆಕ್ಟ್ರಾನುಗಳು ಯಾವೊಂದು ಬಂಧಕ್ಕೂ ಮೀಸಲಾಗದೆ ಇಡೀ ಉಂಗುರದಲ್ಲಿ ಸಮನಾಗಿ ಹರಡಿರುವುದೇ ಅದರ ಸ್ಥೈರ್ಯದ ರಹಸ್ಯ. ಆದರೆ ಬಿಸಿಲಿನಲ್ಲಿ ಕ್ಲೋರೀನನ್ನು ಕೂಡಿಸಲು, ಪ್ರತಿಯೊಂದು ಇಂಗಾಲಕ್ಕೂ ಒಂದೊಂದು ಕ್ಲೋರೀನು ಸೇರಿ, ಆ ಸಾಮರಸ್ಯವಳಿದು, ಸಮತಲವಾಗಿದ್ದ ಉಂಗುರವು ಬಾಗಿ, ಬಿಎಚ್‌ಸಿ ಎಂಬ ಮಿಶ್ರಣವು ಹುಟ್ಟುತ್ತದೆ. ಕ್ಲೋರೀನುಗಳ ವಿನ್ಯಾಸಭೇದದಿಂದ ಅದರಲ್ಲಿ ಹಲವು ರೂಪಗಳುಂಟು. ಹುಳುವನ್ನು ಕೊಲ್ಲುವ ಶಕ್ತಿಯಾದರೋ ಮುಖ್ಯವಾಗಿ ಗಾಮಾ ರೂಪಕ್ಕೆ, ಎಂದರೆ ಲಿಂಡೇನಿಗೆ ಸೇರಿದ್ದು. ಮಿಶ್ರಣದಲ್ಲಿ ಅದರ ಪಾಲು ನೂರಕ್ಕೆ ಸುಮಾರು 10ರಿಂದ 15 ಮಾತ್ರ. ಉಳಿದುದರಲ್ಲಿ ಬಹುಭಾಗವು ಕೀಟಕ್ಕೆ ತಾಗದೆ ಮಣ್ಣಿಗೆ ಭಾರವಾದದ್ದು.

ಸುಲಭವಾಗಿ ಕ್ಷಯಿಸದೆ, ಪ್ರಾಣಿಗಳ ಕೊಬ್ಬಿನಲ್ಲಿ ಸಂಚಯವಾಗುವ ಈ ಪದಾರ್ಥಗಳ ಪೈಕಿ ಬಿಎಚ್‌ಸಿಯು 1997ರಲ್ಲಿಯೂ, ಲಿಂಡೇನಿನ ತಯಾರಿಕೆಯು 2011ರಲ್ಲಿಯೂ, ಬಳಕೆಯು 2013ರಲ್ಲಿಯೂ ಭಾರತದಲ್ಲಿ ನಿಷಿದ್ಧವಾದುದು ಸರ್ವಥಾ ಯುಕ್ತವೇ. ಆದರೆ ಲೋಕಹಿತಕ್ಕಾಗಿ ವಿಧಿಸಿದ ನಿಷೇಧದ ವೆಚ್ಚವನ್ನು ಸಣ್ಣ ಬೆಳೆಗಾರನೊಬ್ಬನೇ ಹೊರುವುದು ಯುಕ್ತವಲ್ಲ. ಲಿಂಡೇನು ಇಲ್ಲವಾದ ಮೇಲೆ, ಕಾಂಡಕೊರಕದ ದುಂಬಿ ಹಾರುವ ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್ ತಿಂಗಳುಗಳಿಗೆ ಮುಂಚೆ ಕಾಂಡದ ಸಡಿಲು ತೊಗಟೆಯನ್ನು ತೆಂಗಿನ ನಾರಿನಿಂದ ಹಸಿಮರಕ್ಕೆ ಗಾಯವಾಗದಂತೆ ಉಜ್ಜಿ, ದುಂಬಿಯು ಮೊಟ್ಟೆಯಿಡುವ ಬಿರುಕುಗಳನ್ನು ಇಲ್ಲವಾಗಿಸಬೇಕು. ಬಿಸಿಲನ್ನು ಬಯಸುವ ಆ ದುಂಬಿಗೆ ಎಡೆಗೊಡದಂತೆ ನೆರಳನ್ನು ಕಾಪಾಡಬೇಕು. ಹುಳು ಹೊಕ್ಕ ಗಿಡವನ್ನು ಕಿತ್ತು ಸುಡಬೇಕು. ಗಿಡಗಿಡಕ್ಕೂ ಬಗ್ಗಿ ಮಾಡತಕ್ಕ ಈ ಕೆಲಸಕ್ಕೆ ಆಳು ಬೇಕು, ಕೂಲಿ ಬೇಕು.

ಆದುದರಿಂದ ತೊಗಟೆ ಉಜ್ಜುವ ಕೂಲಿಗೆ ಸರ್ಕಾರವೂ ಕಾಫಿ ಮಂಡಳಿಯೂ ಸಹಾಯಧನವನ್ನು ನೀಡತಕ್ಕದ್ದು. ಹೊಸ ಔಷಧಗಳ ಗುಣದೋಷಗಳು ನಿಚ್ಚಳವಾದ ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ ಡಬ್ಬಿಯ ಮೇಲೆಯೇ ಇರತಕ್ಕದ್ದು. ಹುಳು ಸಾಯುವುದೇ ಎಂದು ಕೇಳುವ ಬೆಳೆಗಾರನು, ಹುಳು ಸತ್ತ ಮೇಲೆ ಆ ವಿಷವು ಎಷ್ಟು ಕಾಲ ಮಣ್ಣಿನಲ್ಲಿ ಉಳಿಯುವುದೆಂದೂ ಕೇಳಲಿ. ಉತ್ತರ ದೊರೆಯುವ ತನಕ ಅದನ್ನು ಕೊಳ್ಳದಿರಲಿ.