ಈಜುವ ಸುಖವೂ ನಮ್ಮ ಹಕ್ಕು

ಈ ಫಾಲ್ಗುಣದಲ್ಲಿ ನಾವಿಬ್ಬರು ಗೆಳೆಯರು ಅಂಕೋಲೆಯ ಕಡಲಿಗಿಳಿದು ಮನಸೋ ಇಚ್ಛೆ ಈಜಿ ಬಂದೆವು. ಬಂದವರು ಸುಮ್ಮನಿರದೆ ಅದನ್ನು ಸಂಘದ ಗೆಳೆಯರ ಮುಂದೆ ಹೇಳಿದ್ದೇ ತಪ್ಪಾಯಿತು. ‘ಕೇರೀಲಿ ಕುಡಿಯೋಕೆ ನೀರಿಲ್ಲ, ನಿಮಗೆ ಕಡಲಾಟ ಬೇಕಾಯ್ತೇನ್ರೋ? ನಾಲ್ಕಕ್ಷರ ಓದಿ ನೀವೂ ಅವರಂಗೇ ಆದ್ರಿ’ ಎಂದು ಹಿರಿಯರೊಬ್ಬರು ಗದರಿದರು. ಕೇರಿಯ ನೀರಿಗಾಗಿ ಲಾಠಿ ಏಟು ತಿಂದವರು ಅವರು. ಆ ಗೌರವ ಇಟ್ಟುಕೊಂಡೇ ಈ ಉತ್ತರ ಬರೆಯುತ್ತಿದ್ದೇವೆ. ಅಣ್ಣಾ, ನೀವು ಅರ್ಧ ಹಕ್ಕು ಕೇಳುತ್ತಿದ್ದೀರಿ. ಉಳಿದರ್ಧವನ್ನು ನಾವು ಕೇಳುತ್ತೇವೆ.

ನಮ್ಮಲ್ಲೊಬ್ಬ ಬಯಲುಸೀಮೆಯ ಹೊಲಗೇರಿಯವನು. ಇನ್ನೊಬ್ಬ ಅಂಕೋಲೆ ಕಡೆಯ ಹರಿಕಂತ್ರರ ಮನೆಯವನು. ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ಚಾಪೆ ಹಾಸಿದವರು. ಎರಡೂ ಮನೆಗಳಿಗೆ ಡಿಗ್ರಿ ಎಂಬುದು ಬಂದದ್ದು ನಮ್ಮಿಂದಲೇ ಮೊದಲು.

ಬಯಲುಸೀಮೆಯ ಆ ಊರಲ್ಲಿ ಕೆರೆಯಿದೆ. ಕೆರೆಯ ಕೆಳಗೆ ಕಲ್ಲುಮೆಟ್ಟಿಲ ಕಲ್ಯಾಣಿಯಿದೆ. ಬೇಸಿಗೆ ರಜೆಯಲ್ಲಿ ಊರ ಹುಡುಗರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಧುಮುಕುತ್ತಿದ್ದರು. ಕೆರೆಗೆ ಎಮ್ಮೆ ಇಳಿಯುತ್ತಿತ್ತು, ನಾಯಿಯೂ ಇಳಿಯುತ್ತಿತ್ತು. ನಾವು ದಂಡೆಯಲ್ಲಿ ನಿಂತು ಅವರ ಅಂಗಿ ಚಡ್ಡಿ ಕಾಯುತ್ತಿದ್ದೆವು. ‘ಇಳಿಯಬಾರದು’ ಎಂಬ ಬೋರ್ಡು ಎಲ್ಲೂ ಇರಲಿಲ್ಲ. ಆ ಬೋರ್ಡು ನಮ್ಮ ಅವ್ವಂದಿರ ಕಣ್ಣೊಳಗಿತ್ತು.

ನಾವು ಕೈಕಾಲು ಬಡಿಯಲು ಕಲಿತದ್ದು ಕಲ್ಲುಕ್ವಾರಿಯ ಹೊಂಡದಲ್ಲಿ. ಅದಕ್ಕೆ ಮೆಟ್ಟಿಲಿಲ್ಲ, ದಂಡೆಯಿಲ್ಲ, ಆಳ ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಒಂದು ಯುಗಾದಿಯ ಮರುದಿನ ನಮ್ಮ ಓರಗೆಯ ಹುಡುಗನೊಬ್ಬ ಅಲ್ಲೇ ಉಳಿದ. ಬಂದವರು ಕಾಗದದ ಮೇಲೆ ‘ಈಜು ಬಾರದೆ ಸತ್ತ’ ಎಂದು ಬರೆದುಕೊಂಡು ಹೋದರು. ಅವನಿಗೆ ಈಜು ಯಾಕೆ ಬರಲಿಲ್ಲ? ಮೆಟ್ಟಿಲಿರುವ ನೀರು ಊರಲ್ಲೇ ಇರುವಾಗ ಮೆಟ್ಟಿಲಿಲ್ಲದ ನೀರಿಗೆ ಅವನು ಯಾಕೆ ಹೋದ? ಆ ಕಾಗದದಲ್ಲಿ ಇದಕ್ಕೆ ಜಾಗವಿರಲಿಲ್ಲ.

ಈಗ ಹೇಳಿ, ಈಜು ಶೋಕಿಯೇ?

ಇನ್ನು ಕಡಲಿನ ಮಾತು. ಗೇರುಹೂವಿನ ವಾಸನೆ ತುಂಬಿದ ಬೆಳಗ್ಗೆ. ಮಳೆಗಾಲದಲ್ಲಿ ದೋಣಿ ಒಡೆಯುವ ಕಡಲು ಫಾಲ್ಗುಣದಲ್ಲಿ ಹಸುವಿನಂತೆ ಮಲಗಿರುತ್ತದೆ. ಹಾಗೆಂದು ನಂಬಿ ಇಳಿಯುವಂತಿಲ್ಲ. ಕಡಲಿನವನು ಮೊದಲು ದಡದಲ್ಲಿ ನಿಲ್ಲಿಸಿ ನೀರು ಓದಲು ಕಲಿಸಿದ: ‘ಅಲ್ಲಿ ಅಲೆ ಒಡೀತಾ ಇಲ್ಲ ನೋಡು, ಅದು ಸೆಳೆತದ ದಾರಿ. ಸಿಕ್ಕಿಬಿದ್ರೆ ದಡದ ಕಡೆ ಗುದ್ದಾಡಬ್ಯಾಡ, ಅಡ್ಡಕ್ಕೆ ಈಜು.’ ದೊಡ್ಡ ಅಲೆಗೆ ಎದೆ ಕೊಟ್ಟು ನಿಂತರೆ ಬೀಳಿಸುತ್ತದೆ, ಅದರ ಬುಡಕ್ಕೆ ಮುಳುಗಿದರೆ ತಲೆಯ ಮೇಲೆ ಹಾದುಹೋಗುತ್ತದೆ. ಮೂಗು ಬಾಯಿಗೆಲ್ಲ ಉಪ್ಪು ನುಗ್ಗಿತು. ಕೆಮ್ಮಿದೆವು, ಬಿದ್ದೆವು, ನಕ್ಕೆವು.

ಅಲೆಗಳಾಚೆ ಬಯಲುಸೀಮೆಯವನು ಹೆದರಿ ಸೆಟೆದಾಗ ಕಡಲಿನವನು ಅವನ ಬೆನ್ನ ಕೆಳಗೆ ಅಂಗೈ ಕೊಟ್ಟು ‘ಮೈ ಬಿಡೋ ಮಾರಾಯಾ’ ಎಂದ. ಸಾವಿರ ಪಾಲು ಕಡಲ ನೀರಲ್ಲಿ ಸುಮಾರು 35 ಪಾಲು ಉಪ್ಪು. ಅದು ಕೆರೆನೀರಿಗಿಂತ ತೂಕದ ನೀರು, ಮೈಯನ್ನು ತಾನೇ ಎತ್ತಿ ಹಿಡಿಯುತ್ತದೆ. ಮೈ ಬಿಟ್ಟೆವು. ತೇಲಿದೆವು. ಅಂಗೈ ಯಾವಾಗ ತೆಗೆದನೋ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಬಗ್ಗಿಸಿ, ಮುದುಡಿಸಿ, ಪಕ್ಕಕ್ಕೆ ಸರಿಸಿ ಇಟ್ಟುಕೊಂಡಿದ್ದ ಈ ಮೈ ಆಕಾಶದ ಕೆಳಗೆ ಪೂರ್ತಿ ಚಾಚಿ ಮಲಗಿತ್ತು. ಯಾರ ದಾರಿಗೂ ಅಡ್ಡವಾಗಿರಲಿಲ್ಲ, ಯಾರಿಗೂ ಮೈಲಿಗೆಯಾಗಿರಲಿಲ್ಲ. ಆ ಸುಖಕ್ಕೆ ನಾವು ನಾಚುವುದಿಲ್ಲ.

ಕಡಲಿನವನೂ ಒಂದು ಮಾತು ಹೇಳಿದ: ‘ಕಡಲಂದ್ರೆ ನಮಗೆ ಗದ್ದೆ ಇದ್ದಂಗೆ. ಗದ್ದೇಲಿ ಯಾರು ಆಡ್ತಾರೆ? ಬರೀ ಖುಷಿಗೆ ನಾ ಇಳಿದದ್ದು ಇದೇ ಮೊದಲು.’ ಒಬ್ಬನಿಗೆ ನೀರು ನಿಷೇಧ, ಇನ್ನೊಬ್ಬನಿಗೆ ನೀರೆಂದರೆ ದುಡಿಮೆ. ಆಟ ಮಾತ್ರ ಇಬ್ಬರಿಗೂ ಇರಲಿಲ್ಲ.

ಮರಳಲ್ಲಿ ಕೂತು ಮೈ ಒಣಗಿಸುವಾಗ ಇತಿಹಾಸದ ಮಾತು ಬಂತು. 1930ರ ಏಪ್ರಿಲ್ 13ರಂದು ಇದೇ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದರು. ದೊಡ್ಡ ಕೆಲಸ, ನಮಸ್ಕಾರ. ಆದರೆ ಅದಕ್ಕೂ ಮೂರು ವರ್ಷ ಮೊದಲು, 1927ರ ಮಾರ್ಚ್ 20ರಂದು, ಮಹಾಡದ ಚವದಾರ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಬೊಗಸೆ ನೀರು ಕುಡಿದಿದ್ದರು. ನಮ್ಮವರಿಗೆ ದೊಣ್ಣೆಯ ಏಟು ಬಿತ್ತು, ಕೆರೆಗೆ ಪಂಚಗವ್ಯದ ಶುದ್ಧಿ ನಡೆಯಿತು. ಆ ನೀರು ನಮ್ಮದೂ ಹೌದೆಂದು ಮುಂಬಯಿ ಹೈಕೋರ್ಟು ಹೇಳಲು 1937 ಬರಬೇಕಾಯಿತು. ನಮ್ಮ ಶಾಲೆಯಲ್ಲಿ ಉಪ್ಪಿನ ಪಾಠವನ್ನು ಬಾಯಿಪಾಠ ಮಾಡಿಸಿದರು. ಮಹಾಡದ ಹೆಸರು ನಾವು ಕೇಳಿದ್ದು ಹಾಸ್ಟೆಲ್ಲಿಗೆ ಬಂದ ಮೇಲೆ. ಪರಕೀಯರ ಕಾಯಿದೆ ಮುರಿದದ್ದು ಪಾಠವಾಯಿತು, ಊರವರ ಕಟ್ಟಳೆ ಮುರಿದದ್ದು ಪಾಠವಾಗಲಿಲ್ಲ. ಮೇಷ್ಟ್ರುಗಳೇ, ಇದನ್ನು ಸ್ವಲ್ಪ ಯೋಚಿಸಿ.

‘ಅದು ಕುಡಿಯೋ ನೀರಿನ ಹೋರಾಟ ಕಣ್ರೋ’ ಎನ್ನುತ್ತೀರಿ. ಸಂವಿಧಾನದ 15ನೇ ವಿಧಿ ತೆಗೆದು ನೋಡಿ. ಬಾವಿ, ಕೆರೆಗಳ ಜೊತೆಗೇ ಸ್ನಾನಘಟ್ಟವನ್ನೂ ಅದು ಹೆಸರಿಸಿದೆ. ಮನುಷ್ಯನಿಗೆ ಗಂಟಲಷ್ಟೇ ಅಲ್ಲ, ಮೈಯೂ ಇದೆ ಎಂದು ಅದನ್ನು ಬರೆದವರಿಗೆ ಗೊತ್ತಿತ್ತು.

ಕಡಲಿಗೆ ಜಾತಿಯಿಲ್ಲ, ಬೇಲಿಯಿಲ್ಲ ಎಂದು ಕೆಲವು ಕವಿಗಳು ಹಾಡುತ್ತಾರೆ. ನಾವೂ ಕವಿಗಳೇ, ಆ ಸುಳ್ಳು ನಮ್ಮಿಂದಾಗದು. ಅಮೆರಿಕೆಯ ಮಿಸಿಸಿಪ್ಪಿಯ ಬಿಲಾಕ್ಸಿಯಲ್ಲಿ ಸರಕಾರದ ಹಣದಿಂದ ಹರಡಿದ ಮರಳದಂಡೆ 26 ಮೈಲಿ ಉದ್ದಕ್ಕಿತ್ತು. ಕರಿಯರಿಗೆ ಅಲ್ಲಿ ಜಾಗವಿರಲಿಲ್ಲ. 1959ರ ಮೇ 14ರಂದು ಗಿಲ್ಬರ್ಟ್ ಮೇಸನ್ ಎಂಬ ಕರಿಯ ವೈದ್ಯ ಒಬ್ಬ ಗೆಳೆಯನನ್ನೂ ಮಕ್ಕಳನ್ನೂ ಕರೆದುಕೊಂಡು ಈಜಲು ಇಳಿದ. ಪೊಲೀಸರು ಎಬ್ಬಿಸಿ ಕಳಿಸಿದರು. 1960ರ ಏಪ್ರಿಲ್ 24ರಂದು ನೂರಕ್ಕೂ ಹೆಚ್ಚು ಜನ ಒಟ್ಟಿಗೆ ಹೋದಾಗ ಬಿಳಿಯರ ಗುಂಪು ದೊಣ್ಣೆ, ಸರಪಳಿ ಹಿಡಿದು ಬಡಿಯಿತು. ನ್ಯಾಯಾಲಯ ಆ ದಂಡೆಯನ್ನು ಎಲ್ಲರಿಗೂ ತೆರೆದದ್ದು 1968ರಲ್ಲಿ. ಆ ಜನ ಉಪ್ಪುನೀರು ಕುಡಿಯಲು ಹೋಗಿರಲಿಲ್ಲ. ಮಕ್ಕಳ ಜೊತೆ ಆಡಲು ಹೋಗಿದ್ದರು. ಆಟಕ್ಕಾಗಿ ರಕ್ತ ಕೊಟ್ಟ ಅವರನ್ನು ಶೋಕಿಯವರು ಎನ್ನುತ್ತೀರಾ?

ನಮ್ಮ ಕಡಲಿಗೂ ಬೇಲಿ ಬರುತ್ತಿದೆ. ಒಂದು ಕಡೆ ರೆಸಾರ್ಟಿನ ಗೋಡೆ, ಇನ್ನೊಂದು ಕಡೆ ಬಂದರಿನ ನಕಾಶೆ. 2025ರಲ್ಲಿ ಅಂಕೋಲೆಯ ಕೇಣಿಯ ಮೀನುಗಾರರು ಬಂದರು ಬೇಡವೆಂದು ಬೀದಿಗಿಳಿದರು. ಕಡಲತೀರ ಜನರ ಸ್ವತ್ತು, ಸರಕಾರ ಅದರ ಕಾವಲುಗಾರ ಮಾತ್ರ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಕಾವಲುಗಾರನೇ ಮಾರಲು ಹೊರಟರೆ ಮಾಲೀಕರು ಸುಮ್ಮನಿರಬೇಕೇ? ಕಡಲಲ್ಲಿ ಒಂದು ಸಲವೂ ತೇಲದವನು ಕಡಲಿಗಾಗಿ ಹೇಗೆ ಹೋರಾಡಿಯಾನು?

ನಮ್ಮದೂ ಒಂದು ತಪ್ಪಿದೆ, ಒಪ್ಪಿಕೊಳ್ಳುತ್ತೇವೆ. ನಾವು ಗಂಡುಗಳು, ಅಂಗಿ ಕಳಚಿ ಹಾರಿದೆವು. ನಮ್ಮ ಅಕ್ಕತಂಗಿಯರು ಕಟ್ಟಿಗೆ ಹೊರೆ ಹೊತ್ತು ಅದೇ ಕೆರೆ ಏರಿಯ ಮೇಲೆ ಇಂದೂ ನಡೆಯುತ್ತಾರೆ. ಅವರ ಮೈಗೆ ಕ್ವಾರಿಯ ಹೊಂಡವೂ ಸಿಕ್ಕಿಲ್ಲ.

ಅದಕ್ಕೇ ಸಂಗಾತಿಗಳೇ, ಮುಂದಿನ ಮಾರ್ಚ್ 20ಕ್ಕೆ ಭಾಷಣ ಚಿಕ್ಕದಿರಲಿ. ಹಾರ ಹಾಕಿದ ಮೇಲೆ ಕೇರಿಯ ಹುಡುಗರನ್ನೂ ಹುಡುಗಿಯರನ್ನೂ ಕರೆದುಕೊಂಡು ಊರ ಕೆರೆಗೆ ಹೋಗೋಣ. ಈಜು ಬಲ್ಲವರು ಮುಂದೆ ಇರಿ, ಬೆಂಡು ಹಗ್ಗ ಜೊತೆಗಿರಲಿ. ತಡೆದವರಿಗೆ ಕಾನೂನು ತೋರಿಸೋಣ. ಇಳಿದ ಮಗುವಿನ ಬೆನ್ನ ಕೆಳಗೆ ಅಂಗೈ ಕೊಡೋಣ.

ಗದರಿದ ಅಣ್ಣಾ, ನೀವೂ ಬನ್ನಿ. ನಿಮಗೆ ಈಜು ಬರುವುದಿಲ್ಲ ಎಂದು ನಮಗೆ ಗೊತ್ತು. ಯಾಕೆ ಬರುವುದಿಲ್ಲ ಎಂದೂ ಗೊತ್ತು.